ಎರಡು ಮುಷ್ಟಿ ಮಣೂಕ

ಮೊದಲೇ ಹೇಳಿಬಿಡುತ್ತೇನೆ, ಇದು ಸಂಡಾಸಿನ ಕಥೆ. ಮೂಗು ಮುಚ್ಚಿಕೊಳ್ಳುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ. ನನಗೆ ಕರುಳಿನ ಕ್ಯಾನ್ಸರ್. ಕರುಳು ಮುಚ್ಚಿಹೋದಾಗ ಒಳಗೊಂದು ತಂತಿಯ ಕೊಳವೆ ಹಾಕಿ ದಾರಿ ಮಾಡಿಕೊಟ್ಟರು, ಅದಕ್ಕೆ ಸ್ಟೆಂಟ್ ಅನ್ನುತ್ತಾರೆ. ಆ ದಾರಿಯನ್ನು ನಾನೇ ಕೈಯಾರೆ ಮುಚ್ಚಿಕೊಂಡೆ. ಮುಚ್ಚಿಕೊಂಡಿದ್ದನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಆ ಎಂಟು ತಿಂಗಳು ನನ್ನ ತಪ್ಪಿಗೆ ಇನ್ನೊಬ್ಬಳು ಬರಿಗಾಲಲ್ಲಿ ನಡೆದಳು. ಈ ರೋಗ ಬಂದವರಿಗೆ ಧೈರ್ಯ ಬರುವಂತೆ ಏನಾದರೂ ಬರೆಯಿರಿ ಎಂದು ಆಸ್ಪತ್ರೆಯಲ್ಲಿ ಒಬ್ಬರು ಹೇಳಿದ್ದರು. ಧೈರ್ಯ ನನ್ನ ಹತ್ತಿರ ಅಷ್ಟಾಗಿ ಇಲ್ಲ. ನಡೆದದ್ದು ಇದೆ, ಅದನ್ನೇ ಬರೆಯುತ್ತೇನೆ.

ನನ್ನ ಹೆಸರು ಕಸ್ತೂರಿ. ತವರು ಬಬಲೇಶ್ವರದ ಕಡೆಯ ಸಾರವಾಡ, ಕೊಟ್ಟದ್ದು ತಿಕೋಟಾಕ್ಕೆ. ಗಂಡ ಮಲ್ಲಪ್ಪ ಪಂಪಿನ ಮೋಟರ್ ರಿಪೇರಿ ಮಾಡುತ್ತಾನೆ. ನಮಗೆ ಮಕ್ಕಳಿಲ್ಲ. ಅದೇ ಅಂಗಳದ ಆ ಕಡೆ ಮೈದುನನ ಮನೆ. ಮೈದುನನ ಹೆಂಡತಿ ಮಾದೇವಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳು ಮದುವೆಯಾಗಿ ಬಂದಾಗ ರೊಟ್ಟಿ ಬಡಿಯಲು ಕೂಡ ಬರುತ್ತಿರಲಿಲ್ಲ, ನಾನೇ ಬೈದು ಬೈದು ಕಲಿಸಿದೆ. ಅವಳ ಇಬ್ಬರು ಮಕ್ಕಳು ಅವಳ ಮಡಿಲಿಗಿಂತ ಹೆಚ್ಚು ನನ್ನ ಮಡಿಲಲ್ಲೇ ಬೆಳೆದರು. ಬಾಯಿ ಜೋರು ನನ್ನದು. ಸುಮ್ಮನಿರುವುದು ಅವಳದು.

ಬಿಜ್ಜರಗಿ ರಸ್ತೆಯಲ್ಲಿ ಒಂದು ಒಣದ್ರಾಕ್ಷಿ ಶೆಡ್ಡಿದೆ. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ ಅನ್ನುತ್ತೇವೆ. ಆ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದೆ, ಕೊನೆಯ ಹನ್ನೊಂದು ವರ್ಷ ನಲವತ್ತು ಹೆಂಗಸರ ಮೇಲೆ ಯಜಮಾನಿಕೆ ಮಾಡಿದೆ. ಮಾಲು ಒಣಗಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಒಂದು ಮುಷ್ಟಿ ಹಿಡಿದು ಅದುಮಿ ಕೈಬಿಟ್ಟರೆ ಕಾಳು ಕಾಳಾಗಿ ಉದುರಬೇಕು. ಅದರ ಮೇಲೂ ಅನುಮಾನವಿದ್ದರೆ ಬುಟ್ಟಿಯ ಮೇಲಿನದೊಂದು, ತಳದ್ದೊಂದು ಬಾಯಿಗೆ ಹಾಕಿ ದವಡೆ ಹಲ್ಲಿನಲ್ಲಿ ಕಚ್ಚಬೇಕು. ಸಿಪ್ಪೆ ಹಲ್ಲಿಗೆ ಮೆತ್ತಿಕೊಂಡರೆ ಒಳಗೆ ನೀರಿದೆ ಎಂದೇ ಅರ್ಥ. ಕಚ್ಚಿದ್ದನ್ನು ನುಂಗಬೇಕು. ಉಗುಳುವಂತಿಲ್ಲ. ಈ ಕಾನೂನು ಮಾಡಿದವಳು ನಾನೇ. ಹಿಂದೊಮ್ಮೆ ಹೊಸದಾಗಿ ಬಂದ ಒಬ್ಬ ಹೆಂಗಸು ಕಚ್ಚಿ ನೋಡಿ ಥೂ ಎಂದು ಬದಿಗೆ ಉಗುಳಿದ್ದಳು. "ಯಾರೋ ಬಾಣಂತಿ ತಿಂತಾಳ, ಯಾರೋ ದೇವರ ಮುಂದ ಇಡ್ತಾರ, ಅಂಥ ಮಾಲಿನ ಮುಂದ ಉಗುಳ್ತೀಯಲ್ಲಬೇ, ಎದ್ದ್ ನಡಿ" ಎಂದು ಅವತ್ತೇ ಮನೆಗೆ ಕಳಿಸಿದ್ದೆ. ಆಮೇಲೆ ನಮ್ಮ ಶೆಡ್ಡಿನಲ್ಲಿ ಯಾರೂ ಉಗುಳಿಲ್ಲ.

ಹೊಟ್ಟೆ ಕೆಟ್ಟದ್ದು ಯಾವಾಗ ಶುರುವಾಯಿತೋ ನನಗೇ ಸರಿಯಾಗಿ ಗೊತ್ತಿಲ್ಲ. ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಹೋಗುವುದು, ಹೋದರೂ ಪೂರ್ತಿ ಆಗದೇ ಇರುವುದು. ನಾನು ಗ್ಯಾಸ್ ಅಂದುಕೊಂಡೆ. ಗಂಡ ಸೋಡಾ ತಂದುಕೊಟ್ಟ. ಸಾರವಾಡಕ್ಕೆ ಹೋದಾಗ ನಮ್ಮವ್ವ "ಹೊಕ್ಕಳ ಸರದೈತಿ" ಎಂದು ಒಬ್ಬ ಮುದುಕಿಯನ್ನು ಕರೆಸಿ ಎಣ್ಣೆ ಹಚ್ಚಿ ತಿಕ್ಕಿಸಿದಳು. ಸಂಕ್ರಮಣದ ಹೊತ್ತಿಗೆ ಐದು ದಿನ ಏನೂ ಹೋಗಲಿಲ್ಲ, ಗಾಳಿ ಕೂಡ ಹೋಗಲಿಲ್ಲ. ಹೊಟ್ಟೆ ಬಿಗಿದು ನಗಾರಿಯಾಯಿತು. ಯಾರೋ ಹೇಳಿದರೆಂದು ಔಡಲೆಣ್ಣೆ ಕುಡಿದೆ. ಅದನ್ನು ಕುಡಿದ ಮೇಲೆ ಒಳಗೆ ಎದ್ದ ನೋವು, ಯಪ್ಪಾ, ವೈರಿಗೂ ಬೇಡ. ಕುಡಿದದ್ದೆಲ್ಲ ವಾಂತಿಯಾಯಿತು, ಕೊನೆಗೆ ವಾಂತಿಯೇ ಸಂಡಾಸಿನ ವಾಸನೆ ಹೊಡೆಯತೊಡಗಿತು. ಅದನ್ನು ಮೂಸಿ ಮಾದೇವಿ ಗಾಬರಿಯಾದಳು. "ಬಾವಾರ, ಗಾಡಿ ತರ್ರಿ, ಯಕ್ಕ ಉಳ್ಯಾಂಗಿಲ್ಲ" ಎಂದು ನನ್ನ ಗಂಡನ ಮುಂದೆ ಅವಳು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ವಿಜಯಪುರದ ಆಸ್ಪತ್ರೆಯಲ್ಲಿ ಫೋಟೋ ತೆಗೆದರು, ಸ್ಕ್ಯಾನ್ ಮಾಡಿದರು, ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರು. ಸ್ಕ್ಯಾನಿನ ರಿಪೋರ್ಟಿಗಾಗಿ ಕಾಯುವಾಗ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ವಿಜಯಪುರದವಳೇ, ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ, ಹೆಸರು ಫಾತಿಮಾಬಿ. ನಮ್ಮ ಕಡೆ ಆಸ್ಪತ್ರೆಯ ಬೆಂಚಿನಲ್ಲಿ ಕೂತ ಮೇಲೆ ಯಾವ ಊರು, ಏನು ಜಡ್ಡು ಎಂದು ಕೇಳದೇ ಬಿಡುವವರು ಯಾರಿದ್ದಾರೆ? ಅವಳೂ ಕೇಳಿದಳು. ಮಾದೇವಿ ಹೇಳಿದಳು. ಆಗ ಫಾತಿಮಾಬಿ ನನ್ನ ಕಿವಿಯ ಹತ್ತಿರ ಬಂದು, "ನನಗೂ ಅದಾ ಆಗಿತ್ತವಾ. ಹೆದರಬ್ಯಾಡ, ನೋಡಿಲ್ಲೆ" ಎಂದು ಸೆರಗನ್ನು ಒಂದಿಷ್ಟು ಸರಿಸಿದಳು. ಹೊಟ್ಟೆಯ ಬದಿಗೆ ಒಂದು ಚೀಲ ಅಂಟಿಸಿತ್ತು. ಅದರಲ್ಲಿ ಏನಿದೆ ಎಂದು ಕಾಣುತ್ತಿತ್ತು. ನಾನು ಮುಖ ತಿರುಗಿಸಿದೆ. ಅವಳು ಸೆರಗು ಹೊದ್ದುಕೊಂಡಳು.

ಡಾಕ್ಟರ್ ಸಾಹೇಬರು ಒಳಗೆ ಕರೆದರು. ಗಂಡನನ್ನು ಒಂದು ಬದಿಗೆ ಕರೆದು ಹೇಳಲು ನೋಡಿದರು, ನಾನು ಬಿಡಲಿಲ್ಲ. "ಹೊಟ್ಟಿ ನಂದ್ರಿ, ನನಗ ಹೇಳ್ರಿ" ಅಂದೆ. ಹೇಳಿದರು. "ಅವ್ವಾರ, ದೊಡ್ಡ ಕರಳಿನಾಗ ಗಡ್ಡಿ ಐತಿ. ದಾರಿ ಪೂರಾ ಮುಚ್ಚೈತಿ. ಯಕೃತ್ತಿನ ಮ್ಯಾಲೂ ಒಂದೆರಡ ಕಡೆ ಕಾಣಾಕತ್ತೈತಿ." ನನ್ನ ಗಂಡ ಕುರ್ಚಿಯಲ್ಲಿ ಕೂತವನು ಎದ್ದು ನಿಂತ, ಮತ್ತೆ ಕೂತ. ಆಪರೇಶನ್ ಮಾಡಿ ಗಡ್ಡೆ ತೆಗೆದರೂ ರೋಗ ಪೂರಾ ಹೋಗುವ ಹಂತ ದಾಟಿದೆ ಎಂದರು. ಈಗ ಮೊದಲು ದಾರಿ ಬಿಡಿಸಬೇಕು, ಆಮೇಲೆ ಕೀಮೋ ಕೊಡಬೇಕು. ಅದಕ್ಕೆ ಎರಡು ಉಪಾಯ: ಹೊಟ್ಟೆಯ ಮೇಲೆ ಚೀಲ, ಇಲ್ಲವೇ ಒಳಗೆ ಸ್ಟೆಂಟ್.

"ಸ್ಟೆಂಟ್ ಹಾರ್ಟಿಗೆ ಹಾಕ್ತಾರಲ್ರಿ?" ಎಂದ ನನ್ನ ಗಂಡ.

"ಕರಳಿಗೂ ಹಾಕ್ತಾರ. ಇದು ಅದಕ್ಕಿಂತ ದೊಡ್ಡದು" ಎಂದು ಡಾಕ್ಟರ್ ಒಂದು ಚಿತ್ರ ತೋರಿಸಿದರು. ನಾವು ಶೆಡ್ಡಿನಲ್ಲಿ ದ್ರಾಕ್ಷಿ ಹರವುವ ಜಾಳಿಗೆಯನ್ನು ಸುತ್ತಿ ಕೊಳವೆ ಮಾಡಿದಂತೆ ಇತ್ತು. ಅದನ್ನು ನೋಡಿ ನನಗೆ ಯಾಕೋ ಭರವಸೆ ಬಂತು. ಜಾಳಿಗೆ ನನಗೆ ಗೊತ್ತಿರುವ ವಸ್ತು. ಸತ್ತರೂ ಚೀಲ ಬೇಡ, ಇದನ್ನೇ ಹಾಕಿ ಅಂದೆ. ಡಾಕ್ಟರ್ ಬೆರಳೆತ್ತಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಹಾಕ್ತೀವಿ. ಆದರ ಅದನ್ನ ಕಾಯೂದು ನಿಮ್ಮ ಕೆಲಸ. ಸಿಪ್ಪಿ ಇದ್ದದ್ದು, ನಾರ ಇದ್ದದ್ದು, ಬೀಜ ಇದ್ದದ್ದು ಒಂದೂ ಒಳಗ ಹೋಗಬಾರದು. ಅದು ಮುಚ್ಚಿತಂದ್ರ ಚೀಲಾನಾ ಗತಿ, ಕೀಮೋನೂ ನಿಂದರ್ತೈತಿ."

ಮರುದಿನ ಒಂದು ಕತ್ತಲ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿದರು. ಅರ್ಧ ಮಂಪರು, ಅರ್ಧ ಎಚ್ಚರ. ಹಿಂದಿನಿಂದ ಕ್ಯಾಮೆರಾ ನಳಿಗೆ ಹಾಕಿ, ಪರದೆ ನೋಡುತ್ತಾ ಏನೇನೋ ಮಾತಾಡಿಕೊಂಡರು. ಐವತ್ತು ವರ್ಷ ವಯಸ್ಸಾದರೂ ಗಂಡನ ಎದುರಿಗೂ ಸೆರಗು ಜಾರಿಸದವಳು ನಾಲ್ಕು ಜನ ಗಂಡಸರ ನಡುವೆ ಹಾಗೆ ಬಿದ್ದಿದ್ದೆ. ಮುಖ ಗೋಡೆಗೆ ಇತ್ತು ಎನ್ನುವುದೊಂದೇ ಸಮಾಧಾನ. "ಬಿಚ್ಚಿಕೊಂತು" ಎಂದು ಯಾರೋ ಅಂದರು. ಆಮೇಲೆ ಆದದ್ದನ್ನು ಹೇಗೆ ಬರೆಯಲಿ? ವಾರ್ಡಿಗೆ ತಂದು ಮಲಗಿಸಿ ಇನ್ನೂ ಒಂದು ತಾಸು ಆಗಿರಲಿಲ್ಲ, ಒಳಗೆ ಕಟ್ಟಿಕೊಂಡಿದ್ದೆಲ್ಲ ಒಮ್ಮೆಲೇ ಹೊರಟಿತು. ನನ್ನ ಹಿಡಿತದಲ್ಲಿ ಏನೂ ಇರಲಿಲ್ಲ. ಚಾದರ ಮೂರು ಸಲ ಬದಲಾಯಿತು. ಆಯಾ ಗೊಣಗಿದಳು. ಮಾದೇವಿ ಆಯಾಳ ಕೈಯಿಂದ ಬಕೆಟ್ಟು ಕಸಿದುಕೊಂಡು ತಾನೇ ನನ್ನನ್ನು ಒರೆಸಿದಳು. ನಾನು ಅಳುತ್ತಿದ್ದೆ. ನಾಚಿಕೆಗೆ ಅತ್ತೆನೋ, ಹೊಟ್ಟೆ ಇಳಿದ ಸುಖಕ್ಕೆ ಅತ್ತೆನೋ ಹೇಳಲಾರೆ.

"ಅಳ್ತೀ ಯಾಕಯಕ್ಕಾ? ಹೊಲಸು ಹೊರಗ ಬಂತಲ್ಲ, ಪೀಡಾ ಹೋತು" ಅಂದಳು. ಮೂಗು ಕೂಡ ಮುಚ್ಚಿಕೊಂಡಿರಲಿಲ್ಲ.

ಅಲ್ಲಿಂದ ನನ್ನ ಅಡುಗೆ ಮಾದೇವಿಯ ಕೈಗೆ ಹೋಯಿತು. ಮೆತ್ತಗೆ ಬೇಯಿಸಿದ ಅಕ್ಕಿ ಗಂಜಿ, ಬೇಳೆಯ ಕಟ್ಟು, ಮಜ್ಜಿಗೆ. ಗಂಜಿಯನ್ನು ಮೊದಲು ಜರಡಿಯಲ್ಲಿ, ಆಮೇಲೆ ಹಳೆಯ ಧೋತರದ ತುಂಡಿನಲ್ಲಿ ಸೋಸುವಳು. ದಿನಕ್ಕೆ ನಾಲ್ಕು ಸಲ. ನನಗೆ ಜೋಳದ ರೊಟ್ಟಿ ಕಂಡರೆ ಕಣ್ಣಲ್ಲಿ ನೀರು. ಮನೆಯವರು ಹಸಿ ಉಳ್ಳಾಗಡ್ಡಿ ಕಡಿದುಕೊಂಡು ಶೇಂಗಾ ಹಿಂಡಿ ಹಚ್ಚಿಕೊಂಡು ಕಟಕಟ ತಿನ್ನುವ ಸಪ್ಪಳ ಕೇಳಿದರೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನೆಲ್ಲ ಮಾದೇವಿಯ ಮೇಲೆ ಹಾಕುತ್ತಿದ್ದೆ. "ಇದನ್ನ ನಾಯಿ ಮೂಸಂಗಿಲ್ಲಬೇ. ಒಂದಿಷ್ಟ ಹುಳಿ ಖಾರ ಹಾಕಿ ಸಾರರ ಮಾಡು" ಎಂದು ದಿನಾ ಕಾಡಿದೆ. ಕೊನೆಗೆ, ಯುಗಾದಿ ಹತ್ತಿರ ಬಂದಾಗ, ಒಂದು ಸೋಮವಾರ ಅವಳು ಟೊಮ್ಯಾಟೊ ಸಾರು ಮಾಡಿದಳು. ಹಣ್ಣನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಕಿವುಚಿ, ಮೂರು ಸಲ ಸೋಸಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ.

ಎರಡು ಸಲ ಕೀಮೋ ಆಯಿತು. ಮೂರು ವಾರಕ್ಕೊಮ್ಮೆ ವಿಜಯಪುರಕ್ಕೆ ಹೋಗುವುದು, ಕೈಗೆ ಸೂಜಿ ಚುಚ್ಚಿಸಿಕೊಂಡು ಕೂರುವುದು, ಬಂದು ನಾಲ್ಕು ದಿನ ಸತ್ತಂತೆ ಬೀಳುವುದು. ಆದರೂ ಹೊಟ್ಟೆ ಹೋಗುತ್ತಿತ್ತು. ದಿನಾ ಮುಂಜಾನೆ ಸಂಡಾಸಿಗೆ ಹೋಗಿ ಬಂದರೆ ಗಂಡ ಅಂಗಳದಿಂದ "ಆತೇನಬೇ?" ಎಂದು ಕೇಳುವನು. "ಆತು" ಅಂದರೆ ಅವನು ಚಹಾ ಕುಡಿಯುವನು. ಮದುವೆಯಾಗಿ ಮೂವತ್ತು ವರ್ಷವಾದರೂ ನನ್ನ ಬಗ್ಗೆ ಇಷ್ಟು ಕಾಳಜಿಯಿಂದ ಅವನು ಏನನ್ನೂ ಕೇಳಿರಲಿಲ್ಲ.

ಯುಗಾದಿಯ ಮುಂಚೆ, ಶೆಡ್ಡಿನಲ್ಲಿ ಕೆಲಸ ಭರ್ತಿ ಇರುವ ದಿನಗಳಲ್ಲಿ, ಮಾಲಕರು ಮನೆಗೆ ಬಂದರು. ನನ್ನ ಜಾಗದಲ್ಲಿ ಕೂತವಳಿಗೆ ಹಸಿ ಒಣಾ ತಿಳಿಯುತ್ತಿಲ್ಲ, ವ್ಯಾಪಾರಿಗಳು ಮಾಲು ತಿರುಗಿಸಿ ಕಳಿಸಿದ್ದಾರೆ ಎಂದರು. "ಎರಡ ದಿನ ಬಂದ್ ಕುಂತ್ ಹೇಳವಾ ಕಸ್ತೂರವ್ವಾ. ನೀ ಏನೂ ಮಾಡೂದ್ ಬ್ಯಾಡ, ಬರೇ ಹೇಳು." ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಎರಡು ತಿಂಗಳಿಂದ ನನ್ನನ್ನು ರೋಗಿ ಎಂದಲ್ಲದೆ ಬೇರೆ ಏನೆಂದೂ ಯಾರೂ ಕರೆದಿರಲಿಲ್ಲ. ಗಂಡ ಬೇಡವೇ ಬೇಡ ಅಂದ. ಆಗ ಮಾದೇವಿ ಬಾಗಿಲ ಮರೆಯಿಂದ, "ಹೋಗಿ ಬರ್ಲಿ ಬಿಡ್ರಿ ಬಾವಾರ. ಮನಸ್ಸಿಗೆ ಆರಾಮ ಆಗ್ತೈತಿ. ಗಂಜಿ ಡಬ್ಬಿ ಕಟ್ಟಿ ಕೊಡ್ತೀನಿ" ಅಂದಳು.

ಹೋದೆ. ಹೆಂಗಸರೆಲ್ಲ ಎದ್ದು ಬಂದು ಕೈ ಹಿಡಿದರು, ಕೆಲವರು ಅತ್ತರು. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿ ಕೂರಿಸಿದರು. ಮೊದಲ ಬುಟ್ಟಿ ತಂದು ಮುಂದಿಟ್ಟರು. ಮುಷ್ಟಿ ಹಿಡಿದೆ, ಅದುಮಿದೆ. ಕೀಮೋ ಆದ ಮೇಲೆ ನನ್ನ ಬೆರಳ ತುದಿಗಳು ಜೋಮು ಹಿಡಿದಂತೆ ಇರುತ್ತಿದ್ದವು, ಏನೂ ತಿಳಿಯಲಿಲ್ಲ. ಎರಡನೆಯ ಸಲ ಅದುಮಿದೆ. ನಲವತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ಮೇಲಿನದೊಂದು, ತಳದ್ದೊಂದು ಬಾಯಿಗೆ ಹಾಕಿ ಕಚ್ಚಿದೆ. "ಇದು ಹಸಿ ಐತಿ, ಇನ್ನೊಂದ್ ದಿನ ಹರವ್ರಿ" ಅಂದೆ. ಬಾಯಲ್ಲಿ ಎರಡು ಮಣೂಕ. ಡಾಕ್ಟರ್ ಎತ್ತಿದ ಬೆರಳು ಕಣ್ಣ ಮುಂದೆ ಬಂತು. ಎದ್ದು ಹೊರಗೆ ಹೋಗಿ ಉಗುಳಿ ಬರಬಹುದಿತ್ತು. ಸೆರಗಿನಲ್ಲಿ ಮೆಲ್ಲಗೆ ತೆಗೆದು ಬಿಡಬಹುದಿತ್ತು. ಆದರೆ ಉಗುಳಿದವಳನ್ನು ಎಬ್ಬಿಸಿ ಕಳಿಸಿದ ನನ್ನ ಬಾಯನ್ನು ಅವರು ನೋಡುತ್ತಿದ್ದರು. ನುಂಗಿದೆ.

ಇಷ್ಟೇ ಆಗಿದ್ದರೆ ಕಾನೂನಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ರುಚಿ ಹತ್ತಿತು. ಎರಡು ತಿಂಗಳು ನೀರು ಗಂಜಿ ಕುಡಿದ ನಾಲಿಗೆಗೆ ಆ ಹುಳಿ ಸಿಹಿ ತಗುಲಿತು. ಹಲ್ಲಿಗೆ ಕಚ್ಚುವಂಥದ್ದೊಂದು ಸಿಕ್ಕಿತು. ಆಮೇಲಿನ ಬುಟ್ಟಿಗಳಿಗೆ ಬೆರಳಿನಿಂದ ನೋಡುವ ನಾಟಕವನ್ನೂ ಬಿಟ್ಟೆ. ಎರಡು ಹಾಕುವಲ್ಲಿ ನಾಲ್ಕು ಹಾಕಿದೆ. ಎರಡನೆಯ ದಿನ ಮನೆಯಿಂದ ಹೊರಡುವಾಗಲೇ ಬಾಯಲ್ಲಿ ನೀರೂರುತ್ತಿತ್ತು. ಎರಡೂ ದಿನ ಸೇರಿ ಎರಡು ಮುಷ್ಟಿ ಆಗಿರಬೇಕು. ಮಾದೇವಿ ಕಟ್ಟಿಕೊಟ್ಟ ಗಂಜಿಯನ್ನು ಶೆಡ್ಡಿನ ಹಿಂದೆ ಚೆಲ್ಲಿ, ಖಾಲಿ ಡಬ್ಬಿ ತಂದುಕೊಟ್ಟೆ. "ಪೂರಾ ಕುಡದೀ ಯಕ್ಕಾ!" ಎಂದು ಅವಳು ಖುಷಿಪಟ್ಟಳು.

ಮೂರು ದಿನಕ್ಕೆ ಹೊಟ್ಟೆ ಬಿಗಿಯಿತು. ಗಂಡ ಅಂಗಳದಿಂದ "ಆತೇನಬೇ?" ಅಂದ. "ಆತು" ಅಂದೆ. ಆಗಿರಲಿಲ್ಲ. ಮರುದಿನವೂ ಆತು ಅಂದೆ. ಅದರ ಮರುದಿನ ವಾಂತಿ ಶುರುವಾಯಿತು.

ಮತ್ತೆ ಅದೇ ಕೋಣೆ, ಅದೇ ಎಡಮಗ್ಗುಲು. ನಳಿಗೆ ಒಳಗೆ ಹೋಯಿತು. ನೀರು ಬಿಟ್ಟರು, ಎಳೆದರು, ನೀರು ಬಿಟ್ಟರು, ಎಳೆದರು. "ಬರೇ ಸಿಪ್ಪಿ ಸಿಪ್ಪಿನಾ ಬರಾಕತ್ತೈತಿ. ಅವ್ವಾರ, ಏನ್ ತಿಂದೀರಿ?" ಎಂದು ಡಾಕ್ಟರ್ ಕೇಳಿದರು. ನನ್ನ ಬಾಯಿಗೆ ಯಾರೂ ಏನೂ ತುರುಕಿರಲಿಲ್ಲ. ಮಾತಾಡಲು ಬರುತ್ತಿತ್ತು.

"ಗಂಜಿರಿ" ಅಂದೆ.

ಜಾಳಿಗೆ ಬಿಡಿಸಲು ಆಗಲಿಲ್ಲ. ಕರುಳು ಊದಿಕೊಂಡು ತೂತು ಬೀಳುವ ಹಾಗಿದೆ, ತಕ್ಷಣ ಆಪರೇಶನ್ ಮಾಡಿ ಚೀಲ ಇಡಬೇಕು ಎಂದರು. ನನ್ನನ್ನು ತಳ್ಳುವ ಗಾಡಿಯ ಮೇಲೆ ಹೊರಗೆ ತಂದು ಗೋಡೆಯ ಬದಿಗೆ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿದ್ದೆ. ಡಾಕ್ಟರ್ ನನ್ನ ಗಂಡನಿಗೆ "ಯಾವುದೋ ಸಿಪ್ಪಿ ಸಿಕ್ಕೊಂಡೈತಿ" ಎಂದು ಹೇಳಿ ಹೋದರು. ಗಂಡ ಮಾದೇವಿಯ ಕಡೆ ತಿರುಗಿದ. ಕಾಯುತ್ತಾ ಕೂತಿದ್ದ ಜನರೆಲ್ಲ ನೋಡುತ್ತಿದ್ದರು.

"ಏನ್ ಹಾಕ್ದಿ ಆಕಿಗೆ? ಸಿಪ್ಪಿ ಅಂತ, ಸಿಪ್ಪಿ! ಸೋಸಾಕ ಬರೂದಿಲ್ಲಂದ್ರ ಹೇಳಬೇಕಿತ್ತು!"

"ಸೋಸೀನ್ರಿ ಬಾವಾರ..." ಎಂದಳು ಮಾದೇವಿ. "ಸೋಮಾರ ದಿನ ಟೊಮ್ಯಾಟೊ ಸಾರ ಮಾಡಿದ್ನಿ. ಸುಲದ್ ಸೋಸಿದ್ನಿರಿ. ಒಂದ್ ಸಿಪ್ಪಿ ಹ್ಯಾಂಗ ಉಳೀತೋ ಏನೋ..."

"ಕೊಂದ್ಯಲ್ಲಬೇ ನನ್ನ ಹೇಣ್ತೀನ!"

ಅವನು ಹಾಗೆ ಒದರಿದ. ಅವಳು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದಳು. ಎರಡು ಮಾರು ದೂರದಲ್ಲಿ ನಾನು ಎಚ್ಚರವಿದ್ದೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ಜೋರಿನ ಕಸ್ತೂರಿ ಕಣ್ಣು ಮುಚ್ಚಿಕೊಂಡೇ ಮಲಗಿದಳು.

ಚೀಲದ ಬಗ್ಗೆ ಕೇಳುತ್ತೀರಿ, ನನಗೆ ಗೊತ್ತು. ಮೊದಲ ವಾರ ನಾನು ಅದರ ಕಡೆ ನೋಡಲಿಲ್ಲ. ಹೊಟ್ಟೆಯ ಮೇಲೆ ಕೆಂಪಗೆ ಒದ್ದೆಯಾಗಿ ಕರುಳಿನ ಬಾಯಿ. ಅದಕ್ಕೆ ಹೊತ್ತುಗೊತ್ತಿಲ್ಲ, ಮಾನ ಮರ್ಯಾದೆಯಿಲ್ಲ. ಮಂದಿಯ ನಡುವೆ ಕೂತಾಗ ಸಪ್ಪಳ ಮಾಡುತ್ತದೆ. ಚರ್ಮ ಸುಟ್ಟಂತಾಗುತ್ತದೆ. ಇದನ್ನೆಲ್ಲ ಹೇಳಿಕೊಟ್ಟವಳು ಫಾತಿಮಾಬಿ. ಅವತ್ತು ಅವಳ ಚೀಲ ನೋಡಿ ಮುಖ ತಿರುಗಿಸಿದವಳು ನಾನು, ಅದನ್ನು ಅವಳು ಎತ್ತಿ ಆಡಲಿಲ್ಲ. ತನ್ನ ತಪಾಸಣೆಗೆ ಬಂದವಳು ನನ್ನನ್ನು ವಾರ್ಡಿನಲ್ಲಿ ಕಂಡು, ಮರುದಿನ ಹೊಲಿಗೆಯ ಕತ್ತರಿ ತಂದು, ಅಂಟಿಸುವ ಬಿಲ್ಲೆಯ ತೂತನ್ನು ಅಳತೆಗೆ ಸರಿಯಾಗಿ ಕತ್ತರಿಸುವುದನ್ನು ಕಲಿಸಿದಳು. "ರವಕಿ ತೋಳಿನ ಹಂಗ ನೋಡವಾ, ಬಿಗಿನೂ ಆಗಬಾರದು, ಸಡ್ಲೂ ಆಗಬಾರದು." ಅವಳು ಇಲ್ಲದಿದ್ದರೆ ನಾನು ಏನು ಮಾಡಿಕೊಳ್ಳುತ್ತಿದ್ದೆನೋ. ಇಂಥ ಒಬ್ಬರು ನಿಮಗೂ ಸಿಗಲಿ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕೀಮೋ ಇಲ್ಲ. ಮತ್ತೆ ಸ್ಕ್ಯಾನ್ ಮಾಡಿದಾಗ ಯಕೃತ್ತಿನ ಮೇಲೆ ಒಂದೆರಡು ಇದ್ದದ್ದು ಹಲವು ಆಗಿದ್ದವು. ಬೇರೆ ಔಷಧಿ ಶುರು ಮಾಡಿದರು. ಎಷ್ಟು ದಿನ ಎಂದು ನಾನು ಕೇಳಿದೆ. "ದಿನಾ ಎಣಸಬ್ಯಾಡ್ರಿ ಅವ್ವಾರ" ಅಂದರು. ಡಾಕ್ಟರ್ ಹಾಗೆ ಅಂದರೆ ಅದರ ಅರ್ಥ ಯಾರಿಗೆ ತಿಳಿಯುವುದಿಲ್ಲ? ಇನ್ನೊಂದು ಮಾತನ್ನೂ ಅವರು ಹೇಳಿದ್ದರು. ಗಡ್ಡೆಯೂ ಜಾಳಿಗೆಯ ಒಳಗೆ ಬೆಳೆದಿತ್ತು, ಸಿಪ್ಪೆ ಇಲ್ಲದಿದ್ದರೂ ಒಂದು ದಿನ ಮುಚ್ಚುತ್ತಿತ್ತೇನೋ ಎಂದು. ಆ ಒಂದು ದಿನ ಇನ್ನೂ ಒಂದು ವರ್ಷ ಬಿಟ್ಟು ಬರಬಹುದಿತ್ತಲ್ಲ ಎನ್ನುವುದು ನನ್ನ ತಲೆಯಿಂದ ಹೋಗುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮಾದೇವಿಯ ಕಾಲು ನೋಡಿದೆ. ಚಪ್ಪಲಿ ಇರಲಿಲ್ಲ. ನನಗೆ ಆಪರೇಶನ್ ನಡೆಯುವಾಗ ಅವಳು ಆಸ್ಪತ್ರೆಯಿಂದ ಸಿದ್ಧೇಶ್ವರ ಗುಡಿಗೆ ನಡೆದುಕೊಂಡು ಹೋಗಿ ಹರಕೆ ಹೊತ್ತಿದ್ದಳು. ಯಕ್ಕ ಆರಾಮ ಆಗುವ ತನಕ ಕಾಲಿಗೆ ಚಪ್ಪಲಿ ಮುಟ್ಟಿಸುವುದಿಲ್ಲ ಎಂದು. ಚೈತ್ರ ವೈಶಾಖದ ಬಿಸಿಲು ನಮ್ಮಲ್ಲಿ ಹೇಗಿರುತ್ತದೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಹೊಲಕ್ಕೆ ಬರಿಗಾಲು, ಅಂಗಡಿಗೆ ಬರಿಗಾಲು, ಸೋಮವಾರ ಬಸ್ಸು ಹಿಡಿದು ವಿಜಯಪುರಕ್ಕೆ ಹೋದರೆ ಬಸ್‌ಸ್ಟ್ಯಾಂಡಿನಿಂದ ಗುಡಿಯ ತನಕ ಕುದಿಯುವ ಡಾಂಬರಿನ ಮೇಲೆ ಬರಿಗಾಲು. ಅಂಗಾಲಲ್ಲಿ ಬೊಬ್ಬೆ ಎದ್ದು ಒಡೆದವು. ಗಂಜಿ ಮಾತ್ರ ನಾಲ್ಕು ಹೊತ್ತೂ ಬರುತ್ತಿತ್ತು. ಚೀಲ ಬಂದ ಮೇಲೆ ಒಂದಿಷ್ಟು ಗಟ್ಟಿ ಪದಾರ್ಥ ತಿನ್ನಬಹುದು ಎಂದು ಡಾಕ್ಟರ್ ಹೇಳಿದರೂ ಅವಳಿಗೆ ಧೈರ್ಯ ಸಾಲದು. ಈಗ ಐದು ಸಲ ಸೋಸುವಳು. ಸೋಸಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಳು.

"ಬಿಡಬೇ ಸಾಕು, ಚಪ್ಪಲಿ ಹಾಕ್ಕೋ" ಎಂದು ಬೈದರೆ, "ನನ್ನ ಕೈಲೆ ಆಗಿದ್ದು ಯಕ್ಕಾ, ನನ್ನ ಕಾಲಿಲೆ ತೀರ್ಲಿ" ಎನ್ನುವಳು. ಗಂಡ ಅವಳ ಜೊತೆ ಮಾತು ಬಿಟ್ಟಿದ್ದ. ನಾನು ಆ ಗಂಜಿ ಕುಡಿದು ಬಟ್ಟಲು ಅವಳ ಕೈಗೇ ಕೊಡುತ್ತಿದ್ದೆ. ಯಾಕೆ ಹೇಳಲಿಲ್ಲ ಎಂದರೆ, ಹೆದರಿಕೆ. ನನ್ನ ಹೊಲಸು ಬಳಿಯಲು ನನಗೆ ಇದ್ದವಳು ಅವಳೊಬ್ಬಳೇ. ಹೇಳಿದರೆ ಅವಳೂ ಹೋದಾಳು, ಆಮೇಲೆ ನಾನು ಸಾಯುವುದು ಹೇಗೆ ಎಂದು ಹೆದರಿದ್ದೆ.

ದೀಪಾವಳಿ ಮುಗಿದ ಮೇಲೆ ಕೀಮೋ ಕೋಣೆಯ ಹೊರಗೆ ಕೂತು ಫಾತಿಮಾಬಿಗೆ ಎಲ್ಲ ಹೇಳಿದೆ. ಕ್ಯಾನ್ಸರಿನವರ ಬೆಂಚಿನಲ್ಲಿ ಜನ ಹೊಟ್ಟೆಯೊಳಗಿನದನ್ನು ಬೇಗ ಹೇಳಿಬಿಡುತ್ತಾರೆ. "ಆಕಿಗೆ ಹೇಳಲ್ಯಾ ಬ್ಯಾಡಾ?" ಎಂದು ಕೇಳಿದೆ. ಅವಳು "ಯಾಕ ಹೇಳ್ತೀ? ನಿನ್ನ ಹೊಟ್ಟಿ ಹಗುರ ಆಗ್ಲಿ ಅಂತೋ, ಆಕಿ ಕಾಲು ಉಳೀಲಿ ಅಂತೋ?" ಎಂದು ಕೇಳಿದಳು. ನನಗೆ ಸಿಟ್ಟು ಬಂತು, ಅವಳ ಮೇಲೆ.

ಹದಿನೈದು ದಿನದ ಮೇಲೆ ಮಾದೇವಿ ಮಧ್ಯಾಹ್ನದ ಗಂಜಿ ತಂದಾಗ ಕುಂಟುತ್ತಿದ್ದಳು. ಜಾಲಿಮುಳ್ಳು ನಟ್ಟು, ಹಿಮ್ಮಡಿಯಲ್ಲಿ ಕೀವು ತುಂಬಿ ಕಾಲು ಊದಿತ್ತು. ಆ ಕಾಲನ್ನು ಎಳೆಯುತ್ತಾ ಬಂದು, ಬಟ್ಟಲು ಕೊಟ್ಟು, ನನ್ನ ಚೀಲ ತುಂಬಿದೆಯೋ ಎಂದು ನೋಡಲು ಬಗ್ಗಿದಳು. ನನ್ನ ಕೈಲಿ ತಡೆಯಲು ಆಗಲಿಲ್ಲ.

"ಟೊಮ್ಯಾಟೊ ಸಿಪ್ಪಿ ಅಲ್ಲಬೇ ಅದು. ನಾ ಶೆಡ್ಡಿನ್ಯಾಗ ಮಣೂಕ ತಿಂದಿದ್ನಿ."

ಬಗ್ಗಿದವಳು ಹಾಗೇ ನಿಂತಳು. "ಎಷ್ಟ?"

"ಎರಡ ಮುಷ್ಟಿ."

"ಗಂಜಿ?"

"ಚೆಲ್ಲಿದ್ನಿ."

ಅವಳು ನೆಟ್ಟಗಾದಳು. ಅತ್ತಾಳು, ಬೈದಾಳು ಎಂದು ಕಾಯ್ದೆ. ಅವಳು ಮೆಲ್ಲಗೆ, ಪಂಚಾಯಿತಿಯಲ್ಲಿ ಸಾಕ್ಷಿ ಕೇಳಿದಂತೆ, ಒಂದೊಂದೇ ಕೇಳಿದಳು. "ಆವತ್ತ ದವಾಖಾನ್ಯಾಗ ಬಾವಾರು ಒದರಿದ್ರಲ್ಲ, ಆವಾಗ ನಿನಗ ಎಚ್ಚರಿತ್ತು?"

"ಇತ್ತು."

"ಕೊಂದೀ ಅಂದದ್ದು ಕೇಳಿಸಿತ್ತು?"

"ಕೇಳಿಸಿತ್ತು ಮಾದೇವಿ. ತಪ್ಪಾತು. ನನಗ ಹೆದರಿಕಿ ಆಗಿತ್ತವಾ, ನೀ ಬಿಟ್ಟ ಹೋಗ್ತೀ ಅಂತ..."

ನಾನು ಗಂಜಿ ಕುಡಿದು ಮುಗಿಸುವವರೆಗೂ ಅವಳು ಅಲ್ಲೇ ನಿಂತಳು. ಚೀಲ ಖಾಲಿ ಮಾಡಿ, ತೊಳೆದು, ಕ್ಲಿಪ್ಪು ಹಾಕಿದಳು. ಬಟ್ಟಲು ತಿಕ್ಕಿ ಬೋರಲು ಹಾಕಿದಳು. ಕುಂಟುತ್ತಾ ಅಂಗಳ ದಾಟಿ ಹೋದಳು. ಸಂಜೆ ಗಂಡನಿಗೂ ಹೇಳಿದೆ. ಅವನು ಅಂಗಳದಲ್ಲಿ ತಲೆ ಹಿಡಿದುಕೊಂಡು ಕೂತ. ಆಮೇಲೆ ಎದ್ದು ಆ ಕಡೆಯ ಮನೆಗೆ ಹೋದ, ಏನು ಮಾತಾಡಿದನೋ ನನಗೆ ಗೊತ್ತಿಲ್ಲ. ಬರುವಾಗ ಗಂಜಿಯ ಪಾತ್ರೆ ಅವನ ಕೈಯಲ್ಲಿತ್ತು.

ಇದಾಗಿ ಒಂದು ತಿಂಗಳು. ಈಗ ಚೀಲ ನಾನೇ ಬದಲಿಸಿಕೊಳ್ಳುತ್ತೇನೆ, ಬೆರಳು ಜೋಮು ಹಿಡಿದಾಗ ಗಂಡ ಹಿಡಿಯುತ್ತಾನೆ. ಅವನಿಗೆ ಬಿಲ್ಲೆ ಕತ್ತರಿಸಲು ಬರುವುದಿಲ್ಲ, ಆದರೂ ಕತ್ತರಿಸುತ್ತಾನೆ. ಗ್ಲೂಕೋಸ್ ಹಾಕಿಸಿಕೊಂಡು ಬಂದ ದಿನ ನನ್ನ ಕಾಲು ಒತ್ತುತ್ತಾನೆ. ಈ ಬಾರಿಯ ಕೀಮೋ ಕೂಡ ನಾಟುತ್ತಿಲ್ಲ ಎಂದು ಹೋದ ವಾರ ಹೇಳಿದರು. ಮುಂದೆ ಏನು ಎಂದು ನಾವಿಬ್ಬರೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಇಂಥ ರೋಗಿ ಇದ್ದರೆ, ಅವರ ಪಥ್ಯದ ಬಗ್ಗೆ ಮನೆಯವರನ್ನು ಬೈಯುವ ಮುಂಚೆ ರೋಗಿಯನ್ನು ಒಮ್ಮೆ ಕೇಳಿ. ನೀವೇ ರೋಗಿಯಾಗಿದ್ದರೆ, ತಿಂದದ್ದನ್ನು ಹೇಳಿಬಿಡಿ, ಅವತ್ತೇ.

ಗಂಜಿ ಈಗಲೂ ನಾಲ್ಕು ಹೊತ್ತು ಬರುತ್ತದೆ, ಗಂಡ ಹೋಗಿ ತರುತ್ತಾನೆ. ಮೊದಲಿನಷ್ಟೇ ಸೋಸಿರುತ್ತದೆ, ಒಂದು ಗಂಟೂ ಇರುವುದಿಲ್ಲ. ಅವಳು ಬರುವುದಿಲ್ಲ. ನಾನು ಹೇಳಿದ ಮರುದಿನ ಮೈದುನ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿ ಕೀವು ತೆಗೆಸಿಕೊಂಡು ಬಂದ. ಬರುವಾಗ ತಿಕೋಟಾ ಬಜಾರದಲ್ಲಿ ಅವಳು ಹೊಸ ಚಪ್ಪಲಿ ಕೊಂಡಳಂತೆ. ನಾನು ಆರಾಮ ಆಗುವ ತನಕ ಹಾಕುವುದಿಲ್ಲ ಎಂದಿದ್ದ ಚಪ್ಪಲಿ. ದಿನಾ ಮುಂಜಾನೆ ಅವಳು ನೀರಿಗೆ ಹೋಗುವುದು ನನ್ನ ಬಾಗಿಲ ಮುಂದೆಯೇ. ಚಪ್ಪಲಿಯ ಸಪ್ಪಳ ಹತ್ತಿರ ಬರುತ್ತದೆ, ನಾನು ಎದ್ದು ಕೂರುತ್ತೇನೆ. ಅದು ನಿಲ್ಲದೆ ಮುಂದೆ ಹೋಗುತ್ತದೆ.